ನೀಲಿ ಡಬ್ಬಿಗೆ ಬಿದ್ದ ಭರಮವ್ವ

ಸೋಮವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಸವಣೂರು ಬಸ್ ನಿಲ್ದಾಣದ ಕಂಟ್ರೋಲರ್ ಮೈಲಾರಿ, ಮೈಕಿನ ಮೂತಿಗೆ ಕಟ್ಟಿದ್ದ ಕರವಸ್ತ್ರ ಸರಿಮಾಡಿ, ಗುಂಡಿ ಒತ್ತಿ, ದಿನವೂ ಹೇಳುವುದನ್ನೇ ಹೇಳಿದ.

"ಪ್ರಯಾಣಿಕರ ಗಮನಕ್ಕೆ. ಸವಣೂರಿನಿಂದ ಯಲವಿಗಿಗೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ."

ಅದೇ ಬಸ್ಸು ಐದು ನಿಮಿಷದ ಹಿಂದೆ ಯಲವಿಗಿಯಿಂದ ಬಂದಿತ್ತು. ಅದರಿಂದ ಇಳಿದ ಒಬ್ಬ ಹೆಣ್ಣುಮಗಳು ಚೀಲ ಹೆಗಲಿಗೇರಿಸಿಕೊಂಡು ನೇರವಾಗಿ ಅವನ ಕೋಣೆಯ ಕಿಟಕಿಗೆ ಬಂದಳು. ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ವಿದ್ಯಾಶ್ರೀ. ಮೈಲಾರಿ ಹೋಗುವ ಕ್ರೈಸ್ತ ಸಭೆಗೆ ಆಗಾಗ ಪ್ರಾರ್ಥನೆಗೆ ಬರುವವಳು.

"ಮೈಲಾರಿ ಕಾಕಾ, ನಮ್ಮ ಆಯಿ ಒಂದು ಮಾತು ಕೇಳಿಕೊಂಡು ಬಾ ಅಂದಾಳ್ರಿ."

"ಯಾವ ಆಯಿ?"

"ನನಗ ಇರಾಕಿ ಒಬ್ಬಾಕೀನ ಅಲ್ರಿ, ಭರಮವ್ವ. ತನ್ನ ಮಣ್ಣು ಯಾವತ್ತು ಇಟ್ಟೀರಿ ಅಂತ ಕೇಳಾಕತ್ತಾಳ. ಮೈಲಾರಿಗೆ ಗೊತ್ತಿರ್ತತಿ, ಅವಗ ಎಲ್ಲಾ ಟೈಮೂ ಗೊತ್ತಿರ್ತತಿ ಅಂದ್ಳು. ಆಕಿಗೂ ಒಂದು ಚಲೋ ಸೀರಿ ತಗದಿಟ್ಕೋಬೇಕಲ್ರಿ."

ಮೈಲಾರಿಗೆ ಮೊದಲು ಅರ್ಥವಾದದ್ದು ಭರಮವ್ವ ಬದುಕಿದ್ದಾಳೆ ಎಂಬುದು. ಎರಡನೆಯದಾಗಿ ಅರ್ಥವಾದದ್ದು, ತನ್ನ ಬೆರಳು ಇನ್ನೂ ಮೈಕಿನ ಗುಂಡಿಯ ಮೇಲೆಯೇ ಇದೆ ಎಂಬುದು. ಆರು ಅಂಕಣಗಳಲ್ಲಿ ನಿಂತಿದ್ದ ಜನ ಧ್ವನಿವರ್ಧಕದತ್ತ ಮುಖ ಎತ್ತಿ, ಸತ್ತವಳು ತನ್ನ ಮಣ್ಣಿನ ವೇಳೆ ವಿಚಾರಿಸುವುದನ್ನು ಕೇಳುತ್ತಿದ್ದರು.

ಎದುರಿನ ಚಹಾದಂಗಡಿಯಿಂದ ಫಾರೂಕ ಕೂಗಿದ. "ಸಾಹೇಬ್ರ, ಅದು ಯಾವ ಅಂಕಣಕ್ಕ ಬರ್ತತಿ, ಅದನ್ನೂ ಹೇಳಿಬಿಡ್ರಿ!"

ಮೈಲಾರಿ ಗುಂಡಿ ಬಿಟ್ಟ.

ಆದದ್ದು ಇಷ್ಟು. ಸವಣೂರಿನ ಸಭೆ ಚಿಕ್ಕದು, ಮೂವತ್ತೊಂದು ಮನೆ. ಪ್ರತಿ ವರ್ಷ ಅಕ್ಟೋಬರ್ ತಿಂಗಳಿಡೀ ಪ್ರಾರ್ಥನಾ ಮಂದಿರದ ಬಾಗಿಲ ಬಳಿ ಎರಡು ತಗಡಿನ ಡಬ್ಬಿ ಇಡುತ್ತಾರೆ. ಹಳದಿ ಡಬ್ಬಿ ಸ್ತೋತ್ರದ್ದು. ದೇವರಿಗೆ ಯಾವ ಕಾರಣಕ್ಕೆ ಕೃತಜ್ಞತೆ ಹೇಳಬೇಕೋ ಅದನ್ನು ಚೀಟಿಯಲ್ಲಿ ಬರೆದು ಹಾಕಬೇಕು: ಮಗಳ ಹೆರಿಗೆ ಸುಸೂತ್ರವಾಯಿತು, ತಪ್ಪಿಸಿಕೊಂಡ ಎಮ್ಮೆ ಸಿಕ್ಕಿತು, ಮೊಮ್ಮಗ ಮೂರನೆಯ ಸಲಕ್ಕೆ ಪಾಸಾದ. ನೀಲಿ ಡಬ್ಬಿ ಸ್ಮರಣೆಯದು. ಅದರಲ್ಲಿ ತೀರಿಕೊಂಡವರ ಹೆಸರು ಮತ್ತು ಊರು ಇದ್ದರೆ ಸಾಕು. ಕಾರಣ ಬರೆಯುವ ಅಗತ್ಯವಿಲ್ಲ. ನವೆಂಬರಿನ ಮೊದಲ ಭಾನುವಾರ ಎರಡೂ ಡಬ್ಬಿಯ ಚೀಟಿಗಳನ್ನು ಸಭೆಯ ಮುಂದೆ ಓದಲಾಗುತ್ತದೆ. ಓದುವವನು ಮೈಲಾರಿ. ಇಪ್ಪತ್ತೆರಡು ವರ್ಷಗಳಿಂದ ಅವನೇ. ಅವನ ಕಂಠ ಅಂಥದ್ದು. ಅವನು ತೀರಿಕೊಂಡವರ ಹೆಸರು ಓದಿದರೆ ಅವರು ಹೊರಟ ಹೊತ್ತು, ಸೇರಿದ ಜಾಗ ಎರಡೂ ಖಚಿತವಾದಂತೆ ಅನಿಸುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅದು ಹೊಗಳಿಕೆಯೆಂದೇ ಮೈಲಾರಿ ಬಹಳ ವರ್ಷ ನಂಬಿದ್ದ.

ಬರೀ ಹೆಸರು ಓದಿದರೆ ಬೋಳುಬೋಳು ಅನಿಸುತ್ತದೆಂದು ಅವನು ತಾನೇ ಒಂದೆರಡು ಮಾತು ಸೇರಿಸುವುದನ್ನು ರೂಢಿ ಮಾಡಿಕೊಂಡಿದ್ದ. ಗಂಡಸಾದರೆ: "ಕಷ್ಟಜೀವಿ, ಸಭೆಯ ಸ್ತಂಭ." ಹೆಂಗಸಾದರೆ: "ಶಾಂತ ಸ್ವಭಾವದ ತಾಯಿ, ಮನೆಗೆ ಬಂದವರಿಗೆ ನಗುಮುಖದಿಂದ ಊಟ ಬಡಿಸಿದವರು." ಕೊನೆಗೆ ಇಬ್ಬರಿಗೂ ಸಮನಾಗಿ: "ಅವರ ಜೀವಕ್ಕಾಗಿ ಸ್ತೋತ್ರ." ಇಪ್ಪತ್ತೆರಡು ವರ್ಷಗಳಲ್ಲಿ ಅವನು ಹೀಗೆ ಎಪ್ಪತ್ತಕ್ಕೂ ಹೆಚ್ಚು ಸ್ತಂಭಗಳನ್ನು ನಿಲ್ಲಿಸಿದ್ದ. ನಿಜವಾದ ಕಟ್ಟಡಕ್ಕೆ ಇರುವುದು ನಾಲ್ಕು.

ಈ ವರ್ಷ ಶನಿವಾರ ಮಧ್ಯಾಹ್ನ ಎರಡೂ ಡಬ್ಬಿಗಳನ್ನು ಬಸ್ ನಿಲ್ದಾಣದ ಕೋಣೆಗೆ ತಂದುಕೊಂಡು, ಬಸ್ಸುಗಳ ನಡುವಿನ ಬಿಡುವಿನಲ್ಲಿ ಚೀಟಿ ವಿಂಗಡಿಸುತ್ತಿದ್ದ. ಫ್ಯಾನಿನ ಗಾಳಿಗೆ ಒಂದು ಚೀಟಿ ಹಾರಿ ಕುರ್ಚಿಯ ಕೆಳಗೆ ಬಿತ್ತು. ಅದು ಯಾವ ಡಬ್ಬಿಯದೋ ತಿಳಿಯಲಿಲ್ಲ. ಅದರಲ್ಲಿ ಇದ್ದದ್ದು ಇಷ್ಟೇ: ಭರಮವ್ವ, ಯಲವಿಗಿ. ಕಾರಣವಿಲ್ಲ.

ಮೈಲಾರಿ ಯೋಚಿಸಿದ. ಎಂಬತ್ತು ದಾಟಿರಬೇಕು. ಹನ್ನೊಂದು ವರ್ಷದ ಹಿಂದೆ ಯಾರದೋ ಮದುವೆಯಲ್ಲಿ ನೋಡಿದಾಗಲೇ ಗೋಡೆ ಹಿಡಿದು ನಡೆಯುತ್ತಿದ್ದಳು. ಹೋಗಿರಬೇಕು. ಅವನಿಗೆ ನಿಜವಾಗಿಯೂ ದುಃಖವಾಯಿತು. ಫಾರೂಕನಿಂದ ಒಂದು ಚಹಾ ತರಿಸಿ, ಕಿಟಕಿಯಾಚೆ ನೋಡುತ್ತ ಕುಡಿದ. ಈ ದುಃಖ ನಾಲ್ಕು ಹದಿನೈದರ ಲಕ್ಷ್ಮೇಶ್ವರದ ಬಸ್ಸಿಗೆ ಆರಂಭವಾಗಿ ನಾಲ್ಕು ಇಪ್ಪತ್ತರ ಶಿಗ್ಗಾಂವಿ ಬಸ್ಸಿಗೆ ಮುಗಿಯಿತು. ಚೀಟಿಯನ್ನು ನೀಲಿ ಕಟ್ಟಿಗೆ ಸೇರಿಸಿ ರಬ್ಬರು ಹಾಕಿದ. ವಿದ್ಯಾಶ್ರೀಗೆ ಒಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಯಲವಿಗಿಗೆ ದಿನಕ್ಕೆ ಒಂಬತ್ತು ಬಸ್ಸು ಅವನ ಬಾಯಿಂದಲೇ ಹೊರಡುತ್ತಿದ್ದವು. ಹನ್ನೊಂದು ವರ್ಷದಲ್ಲಿ ಅವುಗಳಲ್ಲಿ ಒಂದನ್ನೂ ಅವನು ಹತ್ತಿರಲಿಲ್ಲ.

ಭಾನುವಾರ ವಿದ್ಯಾಶ್ರೀಗೆ ಅಂಗಡಿಯಲ್ಲಿ ಪಾಳಿ ಇತ್ತು, ಸಭೆಗೆ ಬಂದಿರಲಿಲ್ಲ. ಉಳಿದವರಲ್ಲಿ ಭರಮವ್ವನನ್ನು ಬಲ್ಲವರು ಕಡಿಮೆ. ಬಲ್ಲವರೂ, ಮೈಲಾರಿ ಓದಿದ ಮೇಲೆ ಸತ್ತಿರಲೇಬೇಕು ಎಂದುಕೊಂಡರು. ಆರಾಧನೆಯ ಧ್ವನಿಮುದ್ರಣ ಮಧ್ಯಾಹ್ನವೇ ಸಭೆಯ ವಾಟ್ಸಾಪ್ ಗುಂಪಿಗೆ ಬಂತು. ಸಂಜೆ ವಿದ್ಯಾಶ್ರೀ ಯಲವಿಗಿಯ ಮನೆಯಲ್ಲಿ ಅಜ್ಜಿಯ ಪಕ್ಕ ಕುಳಿತು ಅದನ್ನು ಹಚ್ಚಿದಳು. ಒಂದು ಕಣ್ಣಿನ ಪೊರೆಯ ಆಪರೇಶನ್ ಚೆನ್ನಾಗಿ ಆಯಿತೆಂದು ಅಜ್ಜಿಯ ಪರವಾಗಿ ಹಳದಿ ಡಬ್ಬಿಗೆ ಚೀಟಿ ಹಾಕಿದ್ದವಳು ಅವಳೇ. ಕಾರಣ ದೇವರಿಗೆ ಗೊತ್ತಿದೆಯಲ್ಲ ಎಂದು ಬರೆದಿರಲಿಲ್ಲ.

ಸೋಮವಾರ ಮಧ್ಯಾಹ್ನದೊಳಗೆ ಪಾಸ್ಟರ್ ಚನ್ನೇಶ ಫೋನ್ ಮಾಡಿದರು. ಹಿರೇಕೆರೂರು ತಾಲ್ಲೂಕಿನ ಅಬಲೂರು ಕಡೆಯವರು, ಇನ್ನೂ ಮೂವತ್ತೈದು ದಾಟಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು ಮೂರೂ ಸಭೆಗಳನ್ನು ಒಂದೇ ಮೋಟರ್ ಸೈಕಲ್ಲಿನ ಮೇಲೆ ನೋಡಿಕೊಳ್ಳುತ್ತಾರೆ.

"ಕಾಕಾರ, ಆಗೋದು ಆಗೇತಿ. ಆಯಿ ಈ ಐತ್ವಾರ ತಾನ ಬರ್ತಾಳಂತ. ನೀವ ಎದ್ದು ನಿಂತು ಆಕಿ ಹೆಸರು ಹಳದಿ ಡಬ್ಬಿಯೊಳಗಿಂದು ಅಂತ ಓದಬೇಕು."

"ವಾಟ್ಸಾಪಿನ್ಯಾಗ ಒಂದು ತಿದ್ದುಪಡಿ ಹಾಕಿದ್ರ ಸಾಲದೇನ್ರಿ?"

"ನೀವು ಆಕಿನ್ನ ಕೊಂದಿದ್ದು ಬಾಯಿಲೆ. ಬದುಕಸೋದು ವಾಟ್ಸಾಪಿನ್ಯಾಗೇನ್ರಿ?" ಎಂದು ಚನ್ನೇಶ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಇನ್ನೊಂದು ಅಂದಾಳ. ಕಣ್ಣಿನ ಆಪರೇಶನ್ ಸುದ್ದಿ ಓದೋದು ಬ್ಯಾಡಂತ. ಮೈಲಾರಿ ನನಗ ಯಾತಕ್ಕ ಸ್ತೋತ್ರ ಹೇಳ್ತಾನೋ ಅದನ್ನ ಹೇಳಲಿ ಅಂದಾಳ. ಕಾಗದ ಇಲ್ಲದ."

ಕಾಗದ ಇಲ್ಲದೆ ಎಂಬ ಮಾತಿಗೆ ಮೈಲಾರಿ ಹೆದರಿದ. ಅದಕ್ಕೆ ಕಾರಣ ಊರಿನಲ್ಲಿ ಅವನ ಹೆಂಡತಿ ಶೀಲಾಳಿಗೆ ಬಿಟ್ಟರೆ ಯಾರಿಗೂ ತಿಳಿಯದು. ಮೂವತ್ತು ವರ್ಷಗಳಿಂದ ಮೂರು ತಾಲ್ಲೂಕಿನ ಜನರಿಗೆ ದಾರಿ ಹೇಳುತ್ತಿರುವ ಈ ಕಂಠ, ತೊದಲುವ ಕಂಠ. ಬ ಮತ್ತು ಭ ಅವನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ದಿನವೂ ಹೇಳಿ ಹೇಳಿ ಸವೆದ ಮಾತುಗಳಲ್ಲಿ ಮಾತ್ರ ಸಿಕ್ಕಿಕೊಳ್ಳುವುದಿಲ್ಲ. 'ಹೋಗುವ' ಎಂದು ಓಡಿ ಬಂದರೆ 'ಬಸ್ಸು' ತಾನಾಗಿ ಹೊರಬೀಳುತ್ತದೆ. ಮೈಕು ಇಟ್ಟ ಮೇಲೆ ಅವನು ಬಸ್ಸನ್ನು ಗಾಡಿ ಎನ್ನುತ್ತಾನೆ. ಬರ್ತೇನಿ ಎನ್ನುವುದಿಲ್ಲ, ಹೊಂಟೆ ಎನ್ನುತ್ತಾನೆ. ಭಾನುವಾರಕ್ಕೆ ಈ ಸೀಮೆಯ ಜನ ಮೊದಲೇ ಐತ್ವಾರ ಎಂದು ಅನುಕೂಲ ಮಾಡಿಕೊಟ್ಟಿದ್ದಾರೆ. ಹೀಗೆ ಸುತ್ತು ಹಾಕಿ ಮಾತಾಡಿ ಅವನಿಗೆ ಮಿತಭಾಷಿ, ತೂಕದ ಮನುಷ್ಯ ಎಂಬ ಹೆಸರು ಬಂದಿದೆ. ತನ್ನ ತೂಕವೆಲ್ಲ ಎರಡು ಅಕ್ಷರಗಳದ್ದು ಎಂದು ಮೈಲಾರಿಗೆ ಗೊತ್ತು.

ಸಭೆಯಲ್ಲಿ ಊರನ್ನು ಮೊದಲು ಹೇಳಿ ಹೆಸರನ್ನು ಆಮೇಲೆ ಹೇಳುವ ಕ್ರಮ ತಂದವನೂ ಅವನೇ. 'ಯಲವಿಗಿಯ ಭರಮವ್ವನವರು' ಎಂದರೆ ಓಟ ಸಿಗುತ್ತದೆ. ಸ್ತಂಭಗಳೂ ನಗುಮುಖಗಳೂ ಅದೇ ಕಾರಣಕ್ಕೆ ಬಂದವು. ಸತ್ತವರ ಬಗ್ಗೆ ನಿಜವಾದ ಒಂದು ಮಾತು ಹೇಳಬೇಕೆಂದರೆ ಹೊಸ ವಾಕ್ಯ ಬೇಕು. ಹೊಸ ವಾಕ್ಯದಲ್ಲಿ ಯಾವ ತಿರುವಿನಲ್ಲಿ ಯಾವ ಅಕ್ಷರ ಅಡ್ಡ ನಿಂತಿರುತ್ತದೋ ಯಾರು ಬಲ್ಲರು?

ಅಂದು ರಾತ್ರಿ ಊಟಕ್ಕೆ ಕುಳಿತಾಗ ಶೀಲಾ ರೊಟ್ಟಿ ಹಾಕುತ್ತ ಕೇಳಿದಳು. "ನನಗೂ ಅದನ್ನ ಓದಾಕ ಇಟ್ಟೀರೇನು? ಶಾಂತ ಸ್ವಭಾವದ ತಾಯಿ?"

"ನೀ ಯಾಕ ಈಗ ಸಾಯೋ ಮಾತು ತಗದಿ?"

"ನಿಮ್ಮ ಕೈಯಾಗ ಸಾಯಾಕ ಜೀವಾನ ಹೋಗಬೇಕು ಅಂತೇನಿಲ್ಲಲ್ಲ. ನನ್ನ ಚೀಟಿ ನಾನ ಬರದು ಟ್ರಂಕಿನ್ಯಾಗ ಇಟ್ಟು ಹೋಗ್ತೇನಿ. ಜಗಳಗಂಟಿ, ಗಂಡ ಹೇಳಿದ್ದು ಒಂದೂ ಕೇಳಲಿಲ್ಲ. ಅದನ್ನ ಓದ್ರಿ. ನಾಕು ಮಂದಿಗೆ ಗುರುತರೆ ಸಿಗ್ತತಿ."

ಆ ವಾರವಿಡೀ ಮೈಲಾರಿ ಹಳೆಯ ಮಾರ್ಗಪಟ್ಟಿಗಳ ಬೆನ್ನಿಗೆ ಬರೆದ, ಹರಿದ. ಅವನಲ್ಲಿ ಹೇಳುವುದಕ್ಕೆ ಒಂದು ಕತೆ ಇಲ್ಲದಿರಲಿಲ್ಲ. ಹಿರೇಬೆಂಡಿಗೇರಿಯಿಂದ ಒಂಬತ್ತನೇ ವಯಸ್ಸಿಗೆ ಅವನನ್ನು ಹಾನಗಲ್ಲಿನ ಬೋರ್ಡಿಂಗಿಗೆ ಹಾಕಿದ್ದರು. ಆಗ ಅವನು ತನ್ನ ಹೆಸರನ್ನೂ ನೆಟ್ಟಗೆ ಹೇಳಲಾರದ ಹುಡುಗ. ಅಲ್ಲಿ ಅಡುಗೆಯವಳು ಭರಮವ್ವ. ಎರಡನೆಯ ವಾರವೇ ಅವಳು ಅವನನ್ನು ಅಡುಗೆಮನೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ಊಟಕ್ಕೆ ಎಲ್ಲ ಹುಡುಗರ ಹೆಸರನ್ನೂ ಒಂದೊಂದಾಗಿ ಕೂಗು ಅಂದಳು. ಮೂವತ್ತೆಂಟು ಹೆಸರು. ಕೂಗಿ ಮುಗಿದ ಮೇಲೆ ಅವಳತ್ತ ತಿರುಗಿ "ಭರಮವ್ವ, ಎಲ್ಲಾರೂ ಬಂದ್ರು" ಎನ್ನಬೇಕು. ಅವಳು "ಬಂದ್ರ ಕುಂದರ್ರಿ" ಎಂದು ಅನ್ನದ ಹಂಡೆಯ ಮುಚ್ಚಳ ತೆಗೆಯುತ್ತಿದ್ದಳು. ಅಲ್ಲಿಯವರೆಗೆ ತೆಗೆಯುತ್ತಿರಲಿಲ್ಲ. ಅವನು ಸಿಕ್ಕಿಕೊಂಡರೆ ಮೂವತ್ತೆಂಟು ಹಸಿದ ಹೊಟ್ಟೆಗಳು ಅವನನ್ನು ಬೈಯುತ್ತಿದ್ದವು. ಅವಳು ಮಾತ್ರ ಒಂದು ಅಕ್ಷರವನ್ನೂ ಹೇಳಿಕೊಡದೆ ಸೌಟು ಹಿಡಿದು ನಿಂತಿರುತ್ತಿದ್ದಳು. ಆರು ವರ್ಷ. ಅವನು ಅವಳನ್ನು ಮನಸಾರೆ ದ್ವೇಷಿಸಿದ. ಆರು ವರ್ಷದಲ್ಲಿ ಕಂಠ ತೆರೆಯಿತು. ಆ ಕಂಠದಿಂದಲೇ ನೌಕರಿ, ಮನೆ, ಮರ್ಯಾದೆ.

ಬರೆದಾಗ ಇದು ದೇವರ ಸಂಕಲ್ಪ, ತಾಯಿಯ ದೂರದೃಷ್ಟಿ ಎಂದೆಲ್ಲ ಸೊಗಸಾಗಿ ಬಂತು. ಬಾಯಿಬಿಟ್ಟು ಓದಿದಾಗ ಮೊದಲ ಸಾಲಿನಲ್ಲೇ 'ಬೋರ್ಡಿಂಗು' ಕುತ್ತಿಗೆ ಹಿಡಿಯಿತು.

ಶುಕ್ರವಾರ ಅವನ ವಾರದ ರಜೆ. ಹೇಗಾದರೂ ಮಾಡಿ ಭಾನುವಾರದಿಂದ ಬಿಡಿಸಿಕೊಳ್ಳಬೇಕೆಂದು, ಸವಣೂರಿನ ಕುರುಕಲು ಖಾರದ ಪೊಟ್ಟಣ ಕಟ್ಟಿಸಿಕೊಂಡು, ಒಂಬತ್ತು ಹತ್ತರ ಯಲವಿಗಿ ಬಸ್ಸು ಹತ್ತಿ ಚಾಲಕನ ಹಿಂದಿನ ಸೀಟಿನಲ್ಲಿ ಕುಳಿತ. ಬದಲಿ ಕಂಟ್ರೋಲರ್ ಆ ಬಸ್ಸನ್ನು ಕೂಗುವುದು ಕೇಳಿಸಿತು. ಅವಸರ, ಯಲವಿಗಿಗೆ ಒತ್ತೇ ಇಲ್ಲ. ಮನಸ್ಸಿನಲ್ಲೇ ತಿದ್ದಿದ. ತಿದ್ದುವ ಅಧಿಕಾರ ಸದ್ಯಕ್ಕೆ ತನಗಿಲ್ಲ ಎಂಬುದು ಊರು ದಾಟಿದ ಮೇಲೆ ನೆನಪಾಯಿತು. ಇಪ್ಪತ್ತೈದು ನಿಮಿಷದ ದಾರಿ. ಹನ್ನೊಂದು ವರ್ಷ ಹೋಗದಿದ್ದುದಕ್ಕೆ ಅವನ ಬಳಿ ಹಲವು ಕಾರಣಗಳಿದ್ದವು. ಯಾವುದೂ ಇಪ್ಪತ್ತೈದು ನಿಮಿಷದಷ್ಟು ಉದ್ದವಿರಲಿಲ್ಲ.

ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಭರಮವ್ವ ಮನೆಯ ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಶೇಂಗಾ ಸುಲಿಯುತ್ತಿದ್ದಳು. ಮೈಲಾರಿ ಎದುರು ಬಂದು ನಿಂತ. ಅವಳ ಹೆಸರಿನಿಂದಲೇ ಮಾತು ಆರಂಭಿಸಬೇಕಿತ್ತು. ಅದಾಗದೆ ನಿಂತೇ ಇದ್ದ.

"ಮಾತಾಡದ ನಿಂತಾನ ಅಂದ್ರ ಮೈಲಾರೀನ," ಎಂದಳು ಭರಮವ್ವ, ತಲೆ ಎತ್ತದೆ. "ಕುಂದರು. ಸತ್ತೋರ ಮನಿಗೆ ಬಂದಿ, ನಿಂತು ಹೋಗಬಾರದು."

ಮೈಲಾರಿ ಖಾರದ ಪೊಟ್ಟಣ ಅವಳ ಕೈಗಿಟ್ಟ. ಅವಳು ಮೂಸಿ ನೋಡಿದಳು.

"ಖಾರ? ನನಗ ಹಲ್ಲೆಲ್ಲಿ ಅದಾವೋ? ಎಡಿ ಇಡಾಕ ತಂದೀಯೇನು?"

"ತಪ್ಪಾತವ್ವ."

"ತಪ್ಪೇನಿಲ್ಲ. ಎಂಬತ್ತೆರಡು ಆಗ್ಯಾವ, ನೀ ಸ್ವಲ್ಪ ಲಗೂ ಹೇಳೀ, ಅಷ್ಟ. ಓಣಿಯಾಗ ಎಲ್ಲಾರೂ ಆಯುಷ್ಯ ಹೆಚ್ಚಾತು ಅನ್ನಾಕತ್ತಾರ. ಆದರ ನೀ ಸುಳ್ಳು ಹೇಳೀ."

"ಏನು ಸುಳ್ಳು?"

"ಶಾಂತ ಸ್ವಭಾವ ಅಂದೀ. ನಗುಮುಖದಲೆ ಬಡಿಸಿದಾಕಿ ಅಂದೀ. ಮೂರು ಸಲ ಹಚ್ಚಿಸಿ ಕೇಳೇನಿ. ಯಾರೋ ಒಬ್ಬಾಕಿ ಭಾಳ ಒಳ್ಳೇಕಿ ಸತ್ತಾಳ ಅನಿಸಿ ಅಳು ಬಂತು. ಆಮ್ಯಾಲೆ ನೆನಪಾತು, ಅದು ನಾನ ಅಂತ. ನಾ ಯಾವಾಗ ನಕ್ಕಿದ್ನೆಲೇ? ಮೂವತ್ತೆಂಟು ಹುಡುಗೂರಿಗೆ ಬೇಯಿಸಿ ಹಾಕೋ ಹೊತ್ತಿನ್ಯಾಗ ನಕ್ಕೊಂತ ನಿಂದರ್ತಾರೇನು?"

ಮೈಲಾರಿ ಇದೇ ಸಮಯವೆಂದು ತಾನು ಬರೆದಿದ್ದನ್ನು, ಸಿಕ್ಕಿಕೊಳ್ಳುವ ಕಡೆ ಬಳಸಿ ನಡೆದು, ಹೇಗೋ ಹೇಳಿದ. ಮೆಟ್ಟಿಲು, ಹೆಸರುಗಳು, ಮುಚ್ಚಳ, ಕಂಠ. ಅದೆಲ್ಲ ನಿನ್ನ ದೂರದೃಷ್ಟಿ, ನಿನ್ನಿಂದ ದೇವರು ಮಾಡಿಸಿದ ಕೆಲಸ ಎಂದ. ಇಷ್ಟನ್ನು ಇಲ್ಲೇ ಹೇಳಿದ್ದೇನಲ್ಲ, ಭಾನುವಾರ ಮತ್ತೆ ಯಾಕೆ ಎನ್ನುವುದು ಅವನ ಲೆಕ್ಕಾಚಾರ.

ಭರಮವ್ವ ಶೇಂಗಾ ಸುಲಿಯುವುದು ನಿಲ್ಲಿಸಿ ಕೇಳಿದಳು.

"ದೂರದೃಷ್ಟಿ? ಕೂಗಿ ಕೂಗಿ ನನಗ ಬ್ಯಾಸರಾಗಿತ್ತೋ. ನೀ ಹಸಿವು ತಡೀದ ದಿನಾ ಎಲ್ಲಾರಕಿಂತ ಮೊದಲ ಬಾಗಲದಾಗ ನಿಂದರ್ತಿದ್ದಿ. ಕೈಗೆ ಸಿಕ್ಕಿದ ಹುಡುಗ ನೀನ."

"ಮುಚ್ಚಳ?"

"ಅನ್ನ ಅರಳಬೇಕಿತ್ತು. ಇಳಿಸಿದ ಕೂಡಲೆ ಮುಚ್ಚಳ ತಗದ್ರ ಗಂಜಿ ಆಕ್ಕತಿ."

ನಲವತ್ತೆರಡು ವರ್ಷದಿಂದ ಮೈಲಾರಿ ಮನಸ್ಸಿನಲ್ಲಿ ಪೀಠದ ಮೇಲಿಟ್ಟು ಪೂಜ್ಯವಾಗಿ ಇಟ್ಟುಕೊಂಡಿದ್ದ ವಸ್ತು ಹೀಗೆ ಒಂದು ಹಂಡೆ ಅನ್ನವಾಗಿ ಕೆಳಗಿಳಿಯಿತು. ಅವನಿಗೆ ನಗು ಬಂತು. ಭರಮವ್ವ ನಗಲಿಲ್ಲ.

"ಹಂಗಾರ ಐತ್ವಾರ ಹೇಳಾಕ ಏನೂ ಉಳೀಲಿಲ್ಲಲ್ಲವ್ವ," ಎಂದ ಅವನು, ಸ್ವಲ್ಪ ಆಸೆಯಿಂದಲೇ.

"ಕೇಳಿಲ್ಲಿ." ಅವಳು ಕನ್ನಡಕ ತೆಗೆದಳು. ಒಂದು ಕಣ್ಣು ತಿಳಿಯಾಗಿತ್ತು, ಇನ್ನೊಂದು ಇನ್ನೂ ಮಸುಕು. "ಇಪ್ಪತ್ತಾರು ವರ್ಷ ಅಲ್ಲಿ ಕುದಿಸೇನಿ. ಎಷ್ಟು ಹುಡುಗೂರು ಉಂಡು ಎದ್ದು ಹೋದ್ವೋ, ದೇವರಿಗೆ ಗೊತ್ತು. ಒಬ್ಬನೂ ತಿರುಗಿ ಬಂದು, ಅವ್ವ, ಉಂಡೇವಿ ಅಂದಿಲ್ಲ. ನಾ ಸತ್ತ ಮ್ಯಾಲೆ ನೀ ಸ್ತಂಭ ಅನ್ನು, ಗೋಪುರ ಅನ್ನು, ನನಗೇನು ಕೇಳಸ್ತತಿ? ಈಗ ಕಿವಿ ಅದಾವ. ಒಂದು ಖರೇ ಮಾತು, ನಾಕು ಮಂದಿ ಮುಂದ. ಸುಮ್ಮನ ಹೋತೋ, ಯಾರಿಗರೆ ಮುಟ್ಟಿತೋ, ನನಗ ತಿಳೀಬೇಕು."

ಮೈಲಾರಿ ಒಂದು ಹಿಡಿ ಶೇಂಗಾ ತೆಗೆದುಕೊಂಡು ತಾನೂ ಸುಲಿಯತೊಡಗಿದ. ಭಾನುವಾರದಿಂದ ಬಿಡಿಸಿಕೊಳ್ಳುವ ಮಾತು ಮತ್ತೆ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ವಿದ್ಯಾಶ್ರೀ ಅಜ್ಜಿಯ ಕೈಹಿಡಿದು ಕರೆತಂದಳು. ಹಸಿರು ಸೀರೆ, ಕಪ್ಪು ಕನ್ನಡಕ. ಮಂದಿರದ ಎದುರಿನ ಮನೆಯ ನೂರಜಹಾನ ಹಿಂದಿನ ವಾರ ಮೈಲಾರಿ ಓದಿದ್ದು ಕೇಳಿ ಈಕೆಗಾಗಿ ತಲೆ ಬಾಗಿಸಿದ್ದವಳು, ಈಗ ಕಾಂಪೌಂಡಿನ ಮೇಲಿಂದ ಇಣುಕಿ, "ಯಾ ಅಲ್ಲಾ, ಎಷ್ಟು ಚಲೋ ಕಾಣ್ತಾಳ," ಎಂದಳು. ಎಂದೂ ಅಂಗಡಿ ಮುಚ್ಚದ ಫಾರೂಕ ಅಂದು ಮುಚ್ಚಿ ಬಂದು ಹೊರಗಿನ ಬೇವಿನ ಮರದ ಕೆಳಗೆ ನಿಂತಿದ್ದ. ಬಸ್ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸುವುದು ತನ್ನ ಕರ್ತವ್ಯವೆಂದು ಅವನು ಯಾರಿಗೋ ಹೇಳುತ್ತಿದ್ದದ್ದು ಒಳಗೂ ಕೇಳಿಸಿತು.

ಹಾಡು ಮುಗಿಯಿತು. ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತರು. ಚನ್ನೇಶ ತಲೆಯಾಡಿಸಿದರು. ಮೈಲಾರಿ ಮುಂದೆ ಬಂದ. ಕೈಯಲ್ಲಿ ಕಾಗದವಿಲ್ಲ, ಎದುರಿಗೆ ಮೈಕೂ ಇಲ್ಲ. ಮೈಕಿಲ್ಲದೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ತಪ್ಪಾಗಿ ಓದಿದ್ದೆ, ಕ್ಷಮಿಸಬೇಕು, ಈ ಚೀಟಿ ಹಳದಿ ಡಬ್ಬಿಯದು ಎಂದ. ಅಷ್ಟು ಸಲೀಸಾಗಿ ಬಂತು. ಆಮೇಲೆ ಓಟ ಹಿಡಿದ.

"ಯಲವಿಗಿಯ..."

"ಊರು ಬ್ಯಾಡ," ಎಂದಳು ಭರಮವ್ವ ಮೊದಲನೆಯ ಸಾಲಿನಿಂದ. "ಊರು ಹಿಡಕೊಂಡು ಓಡಿ ಬರಬ್ಯಾಡ. ನಿಂತಲ್ಲಿಂದ ಹೆಸರು ಕೂಗು."

ಬರೀ ಬೇಸರಕ್ಕೆ ಕೈಗೆ ಸಿಕ್ಕ ಹುಡುಗನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದವಳಿಗೆ ಈ ಓಟದ ಗುಟ್ಟು ಹೇಗೆ ಗೊತ್ತಿತ್ತು ಎಂದು ಮೈಲಾರಿ ಯೋಚಿಸಿದ್ದು ಆಮೇಲೆ, ಮನೆಗೆ ಹೋದ ಮೇಲೆ. ಆ ಕ್ಷಣ ಸಭೆಯ ಮುಂದೆ ಅವನ ತುಟಿಗಳು ಮುಚ್ಚಿಕೊಂಡವು, ತೆರೆಯಲಿಲ್ಲ. ಭ... ಕುತ್ತಿಗೆಯ ನರ ಉಬ್ಬಿತು. ಮೂವತ್ತೊಂದು ಮನೆಯ ಜನ, ಮೂವತ್ತು ವರ್ಷ ಈ ಕಂಠ ಕೇಳಿ ಬಸ್ಸು ಹತ್ತಿದ ಜನ, ಅದು ಸಿಕ್ಕಿಕೊಂಡು ಒದ್ದಾಡುವುದನ್ನು ನೋಡುತ್ತಿದ್ದರು. ಶೀಲಾ ತಡೆಯಲಾರದೆ "ಭರ..." ಎಂದು ಹೇಳಿಕೊಡಹೋದಳು.

"ಯಾರೂ ಹೇಳಿಕೊಡಬ್ಯಾಡ್ರಿ," ಎಂದಳು ಭರಮವ್ವ. "ಕೂಗ್ತಾನ."

ಮೈಲಾರಿ ಕಣ್ಣು ಮುಚ್ಚಿದ. ಮುಚ್ಚಿದಾಗ ಹಾನಗಲ್ಲಿನ ಮೆಟ್ಟಿಲು ಕಾಲಿಗೆ ಸಿಕ್ಕಿತು. ಎಲ್ಲಿಂದ ಆರಂಭಿಸಬೇಕೋ ಅಲ್ಲಿಂದ ಆರಂಭಿಸಿದ. "ಮಲ್ಲೇಶಪ್ಪ!" ಎಂದು ಕೂಗಿದ. ಮಂದಿರದೊಳಗೆ ಕೂಗಬಾರದ ಗಟ್ಟಿಯಲ್ಲಿ. "ದ್ಯಾಮಪ್ಪ! ಫಕ್ಕೀರೇಶ!" ಜನ ಒಬ್ಬರ ಮುಖ ಒಬ್ಬರು ನೋಡಿದರು. ಒಂದೊಂದೇ ಹೆಸರು ಬಂತು, ಉಣ್ಣಲು ಕುಳಿತುಕೊಳ್ಳುತ್ತಿದ್ದ ಸಾಲಿನ ಕ್ರಮದಲ್ಲೇ. ಕೆಲವು ಹೆಸರುಗಳನ್ನು ಅವನು ಹಿಂದಿನ ವರ್ಷಗಳಲ್ಲಿ ನೀಲಿ ಡಬ್ಬಿಯಿಂದ ತೆಗೆದು ಸ್ತಂಭ ಎಂದು ಓದಿ ಮುಗಿಸಿದ್ದ. ಫಕ್ಕೀರೇಶ ಸ್ತಂಭವಾಗಿರಲಿಲ್ಲ, ಮೈಲಾರಿಯ ಬೆಲ್ಲ ಕದಿಯುತ್ತಿದ್ದ. ಅವನೂ ಇಪ್ಪತ್ತಮೂರು ಹೆಸರುಗಳಲ್ಲಿ ಬಂದ. ಉಳಿದ ಹದಿನೈದು ಮರೆತುಹೋಗಿದ್ದವು. ಹೆಸರುಗಳು ಮುಗಿದಲ್ಲಿ ನಾಲಿಗೆ ತಾನಾಗಿ ತಿರುಗಿತು.

"ಭರಮವ್ವ," ಎಂದ ಮೈಲಾರಿ. "ಎಲ್ಲಾರೂ... ಎಲ್ಲಾರೂ ಬಂದಿಲ್ಲ. ಹದಿನೈದು ಮಂದಿ ಹೆಸರು ಮರತೇನಿ. ಆದರ ನಾವು ಉಂಡೇವಿ. ಹೊಟ್ಟಿ ತುಂಬ ಉಂಡೇವಿ. ನೀ ಒಂದು ದಿನಾನೂ ನಕ್ಕಿಲ್ಲ. ಒಂದು ದಿನಾನೂ ನಮ್ಮನ್ನ ಹಸದು ಮಲಗಿಸಿಲ್ಲ. ಅದಕ್ಕ ಸ್ತೋತ್ರ."

ಇದಕ್ಕಿಂತ ಹೆಚ್ಚು ಹೇಳಬೇಕೆಂದು ಅವನು ವಾರವಿಡೀ ಬರೆದಿದ್ದ. ಒಂದೂ ನೆನಪಾಗಲಿಲ್ಲ. ಯಾರೂ ಆಮೆನ್ ಅನ್ನಲಿಲ್ಲ. ಪ್ರಾರ್ಥನೆ ಮುಗಿಯಿತೋ ಇಲ್ಲವೋ ಚನ್ನೇಶರಿಗೂ ಖಚಿತವಿರಲಿಲ್ಲ. ಭರಮವ್ವ ಕನ್ನಡಕದ ಕೆಳಗೆ ಸೆರಗಿನ ತುದಿ ತೂರಿಸಿ, ಆಪರೇಶನ್ ಆದ ಕಣ್ಣನ್ನು ಮುಟ್ಟಬಾರದೆಂಬ ಡಾಕ್ಟರರ ಮಾತು ನೆನಪಾಗಿ ಕೈ ತೆಗೆದಳು.

"ಬಂದ್ರ ಕುಂದರ್ರಿ," ಎಂದಳು.

ಇಡೀ ಸಭೆ ಕುಳಿತಿತು. ಪಾಸ್ಟರರೂ ಕುಳಿತರು.

ಧ್ವನಿಮುದ್ರಣ ಎಂದಿನಂತೆ ಮಧ್ಯಾಹ್ನ ಗುಂಪಿಗೆ ಬಂತು. ಫಾರೂಕ ಗಡಿಯಾರ ಹಿಡಿದು 'ಭ'ದಲ್ಲಿ ನಿಂತ ಮೌನವನ್ನು ಅಳೆದ: ಐವತ್ತೊಂದು ಸೆಕೆಂಡು. ಈ ನಿಲ್ದಾಣದ ಇತಿಹಾಸದಲ್ಲಿ ಯಾವ ಬಸ್ಸೂ ಇಷ್ಟು ಕಡಿಮೆ ತಡವಾಗಿ ಹೊರಟಿಲ್ಲ ಎಂದು ಅವನು ಮೈಲಾರಿಯನ್ನು ಸಮಾಧಾನಪಡಿಸಿದ. ತೂಕದ ಮನುಷ್ಯನೆಂಬ ಹೆಸರು ಹೋಯಿತು. ಈಗ ಕಿಟಕಿಗೆ ಬಂದವರು ಅವನು ಸಿಕ್ಕಿಕೊಂಡಾಗ ಕಾಯುತ್ತಾರೆ. ಅವನೂ ಗಾಡಿ ಎಂದು ತಪ್ಪಿಸಿಕೊಳ್ಳುವುದನ್ನು ಅರ್ಧಕ್ಕರ್ಧ ಬಿಟ್ಟಿದ್ದಾನೆ. ಉಳಿದರ್ಧ ಅವಸರದ ಹೊತ್ತಿಗೆ ಇರಲಿ ಎಂದು ಇಟ್ಟುಕೊಂಡಿದ್ದಾನೆ.

ಭರಮವ್ವನ ಇನ್ನೊಂದು ಕಣ್ಣಿನ ಆಪರೇಶನ್ ಈ ತಿಂಗಳ ಇಪ್ಪತ್ತೆಂಟಕ್ಕೆ ಹುಬ್ಬಳ್ಳಿಯಲ್ಲಿದೆ. ವಿದ್ಯಾಶ್ರೀಗೆ ಅಂದು ರಜೆ ಸಿಕ್ಕಿಲ್ಲ. ಅವಳ ಜೊತೆ ಹೋಗಲು ಮೈಲಾರಿ ಎರಡು ದಿನದ ರಜೆ ಬರೆದುಕೊಟ್ಟಿದ್ದಾನೆ. ಬೆಳಗಿನ ಯಲವಿಗಿ ಬಸ್ಸನ್ನು ಬದಲಿ ಕಂಟ್ರೋಲರ್ ಕೂಗುತ್ತಾನೆ.